ದೋಷ ಕಂಡ ಮೇಲೆ ಹಾರುವುದೇ, ನಿಲ್ಲುವುದೇ?
ವಿಮಾನ ಸಿಬ್ಬಂದಿಯ ನಿರ್ಧಾರದ ಹಿಂದಿರುವ ಲೆಕ್ಕ

“ತಾಂತ್ರಿಕ ಕಾರಣಗಳಿಂದ ವಿಮಾನವು ತಡವಾಗಿ ಹೊರಡಲಿದೆ, ಪ್ರಯಾಣಿಕರಿಗೆ ಆಗುತ್ತಿರುವ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ.” ನಿಲ್ದಾಣದ ಧ್ವನಿವರ್ಧಕದಲ್ಲಿ ಈ ವಾಕ್ಯ ಕೇಳಿಬಂದೊಡನೆ ವ್ಯಾಪಾರಿಯ ಮನಸ್ಸಿನಲ್ಲಿ ಲೆಕ್ಕ ಆರಂಭವಾಗುತ್ತದೆ. ಮುಂಬಯಿಯಲ್ಲಿ ಜೀನ್ಸ್ ಮಾದರಿಗಳನ್ನು ತೋರಿಸಬೇಕಾದ ಬಳ್ಳಾರಿಯ ಉಡುಪು ತಯಾರಕರಿಗೆ ಬೆಂಗಳೂರಿನ ಮುಂದಿನ ವಿಮಾನ ತಪ್ಪುತ್ತದೆ. ನಸುಕಿನಲ್ಲೇ ಸಿರುಗುಪ್ಪದಿಂದ ಹೊರಟು ಬಂದ ಅಕ್ಕಿ ಗಿರಣಿಯ ಮಾಲೀಕರಿಗೆ ಬ್ಯಾಂಕಿನ ಮುಖ್ಯ ಕಚೇರಿಯ ಭೇಟಿ ತಪ್ಪುತ್ತದೆ. “ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ಕೆಲಸ ಮುಗಿಯುತ್ತಿತ್ತು” ಎಂಬ ಮಾತು ಯಾರದಾದರೂ ಬಾಯಿಂದ ಬಂದೇ ಬರುತ್ತದೆ.

ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಉಡಾನ್ ಯೋಜನೆಯಡಿ 2017ರ ಸೆಪ್ಟೆಂಬರಿನಲ್ಲಿ ಟ್ರೂಜೆಟ್ ಸಂಸ್ಥೆಯು ಹೈದರಾಬಾದು ಹಾಗೂ ಬೆಂಗಳೂರಿಗೆ ಹಾರಾಟ ಆರಂಭಿಸಿದಂದಿನಿಂದ, 2022ರಲ್ಲಿ ಆ ಸಂಸ್ಥೆ ಹಾರಾಟ ನಿಲ್ಲಿಸುವವರೆಗೆ, ಈ ಭಾಗದ ಅನೇಕ ವರ್ತಕರಿಗೆ ಎಟಿಆರ್-72 ವಿಮಾನದ ಪರಿಚಯವಾಯಿತು. ಸುಮಾರು 70 ಆಸನಗಳ ಈ ಟರ್ಬೊಪ್ರಾಪ್ ವಿಮಾನದಲ್ಲಿ ಕುಳಿತು, ಪೈಲಟ್ ಮತ್ತು ಎಂಜಿನಿಯರ್ ಕೈಯಲ್ಲೊಂದು ಪುಸ್ತಕ ಹಿಡಿದು ಮಾತನಾಡುವುದನ್ನು ಕಿಟಕಿಯಿಂದ ಕಂಡವರೂ ಇರಬಹುದು. ಆ ಪುಸ್ತಕದಲ್ಲಿ ಏನಿರುತ್ತದೆ, ಅವರು ಏನನ್ನು ತೂಗಿ ನೋಡುತ್ತಿರುತ್ತಾರೆ ಎಂಬುದು ಯಂತ್ರಗಳನ್ನು ನಂಬಿ ಉದ್ಯಮ ನಡೆಸುವವರೆಲ್ಲರಿಗೂ ಆಸಕ್ತಿಯ ವಿಷಯ.

ಎಲ್ಲವೂ ಸರಿಯಿರುವ ವಿಮಾನ ಅಪರೂಪ

ಹಾರಾಟಕ್ಕೆ ಸಿದ್ಧವಾಗಿ ನಿಂತ ವಿಮಾನದಲ್ಲಿ ಪ್ರತಿಯೊಂದು ಉಪಕರಣವೂ ಕೆಲಸ ಮಾಡುತ್ತಿರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವ ಹಾಗಿಲ್ಲ. ಲಕ್ಷಾಂತರ ಬಿಡಿಭಾಗಗಳಿರುವ ಯಂತ್ರದಲ್ಲಿ ಒಂದಲ್ಲ ಒಂದು ದೀಪ, ಸಂವೇದಕ ಅಥವಾ ಕವಾಟ ಕೆಟ್ಟಿರುವುದು ಸಹಜ. ಪ್ರತಿಯೊಂದನ್ನೂ ಸರಿಪಡಿಸಿದ ನಂತರವೇ ಹಾರಬೇಕೆಂದರೆ ವಿಮಾನಯಾನವೇ ನಡೆಯದು. ಯಾವುದು ಕೆಟ್ಟರೂ ಹಾರಬಹುದೆಂದರೆ ಪ್ರಯಾಣಿಕರು ಉಳಿಯಲಾರರು. ಈ ಎರಡರ ನಡುವೆ ಗೆರೆ ಎಳೆಯುವ ದಾಖಲೆಗೆ ಮಿನಿಮಮ್ ಎಕ್ವಿಪ್‌ಮೆಂಟ್ ಲಿಸ್ಟ್, ಅಂದರೆ ಕನಿಷ್ಠ ಸಲಕರಣೆಗಳ ಪಟ್ಟಿ ಎಂದು ಹೆಸರು. ವಿಮಾನಯಾನದವರ ಆಡುಮಾತಿನಲ್ಲಿ ಅದು ‘ಎಂ.ಇ.ಎಲ್.’

ಈ ಪಟ್ಟಿ ಸಿದ್ಧವಾಗುವ ಕ್ರಮವೇ ಗಮನಾರ್ಹವಾದುದು. ಮೊದಲು ವಿಮಾನದ ಮಾದರಿಗೆ ಸಂಬಂಧಿಸಿದ ಮೂಲ ಪಟ್ಟಿಯೊಂದು ತಯಾರಾಗಿ, ಆ ಮಾದರಿಗೆ ಪ್ರಮಾಣಪತ್ರ ನೀಡುವ ದೇಶದ ಪ್ರಾಧಿಕಾರದ ಒಪ್ಪಿಗೆ ಪಡೆಯುತ್ತದೆ. ಅದನ್ನು ಆಧರಿಸಿ ಪ್ರತಿಯೊಂದು ವಿಮಾನಯಾನ ಸಂಸ್ಥೆಯೂ ತನ್ನದೇ ಪಟ್ಟಿಯನ್ನು ರಚಿಸಬೇಕು. ಭಾರತದಲ್ಲಿ ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮೋದನೆ ಅಗತ್ಯ. ಸಂಸ್ಥೆಯ ಪಟ್ಟಿಯು ಮೂಲ ಪಟ್ಟಿಗಿಂತ ಬಿಗಿಯಾಗಿರಬಹುದು, ಸಡಿಲವಾಗಿರುವಂತಿಲ್ಲ. ರೆಕ್ಕೆ, ಬಾಲದ ಚುಕ್ಕಾಣಿಯಂತಹ ಅಂಗಗಳ ಹೆಸರು ಪಟ್ಟಿಯಲ್ಲಿ ಇರುವುದೇ ಇಲ್ಲ. ಹಾರಾಟದ ಸುರಕ್ಷತೆಗೆ ಸಂಬಂಧಪಟ್ಟ ವಸ್ತುವೊಂದು ಪಟ್ಟಿಯಲ್ಲಿ ಇಲ್ಲವೆಂದರೆ ಅದು ಕೆಲಸ ಮಾಡಲೇಬೇಕು ಎಂದು ಅರ್ಥ.

ಇಲ್ಲೊಂದು ಸೂಕ್ಷ್ಮವಿದೆ. ಒಂದು ಉಪಕರಣ ಎಷ್ಟು ಬೆಲೆಬಾಳುತ್ತದೆ, ಎಷ್ಟು ದೊಡ್ಡದು ಎಂಬುದನ್ನು ನೋಡಿ ಪಟ್ಟಿ ತಯಾರಾಗುವುದಿಲ್ಲ. ಇದು ಕೆಟ್ಟರೆ ಇದರ ಕೆಲಸವನ್ನು ಬೇರೆ ಯಾವುದು ಮಾಡುತ್ತದೆ, ಆ ಬೇರೆಯದೂ ಹಾರಾಟದ ನಡುವೆ ಕೈಕೊಟ್ಟರೆ ಗತಿಯೇನು ಎಂಬ ಎರಡು ಪ್ರಶ್ನೆಗಳೇ ಅದರ ತಳಹದಿ. ಒಂದೇ ಕೆಲಸಕ್ಕೆ ಎರಡು ಹವಾನಿಯಂತ್ರಣ ಘಟಕಗಳಿದ್ದರೆ ಒಂದು ಕೆಟ್ಟರೂ, ಹಾರುವ ಎತ್ತರಕ್ಕೆ ಮಿತಿ ಹಾಕಿಕೊಂಡು, ವಿಮಾನ ಹೊರಡಬಹುದು. ಬದಲಿಯೇ ಇಲ್ಲದ ಒಂದು ಚಿಕ್ಕ ಸ್ವಿಚ್ಚು ಕೆಟ್ಟರೆ ಇಡೀ ವಿಮಾನ ನಿಲ್ಲಬಹುದು. ಪ್ರಯಾಣಿಕರು “ಒಂದು ಸ್ವಿಚ್ಚಿಗಾಗಿ ಮೂರು ತಾಸು ಕೂರಿಸಿದರು” ಎಂದು ಗೊಣಗುವುದು ಇಂತಹ ಸಂದರ್ಭದಲ್ಲೇ.

ಷರತ್ತುಗಳೇ ಪಟ್ಟಿಯ ಜೀವಾಳ

ಪಟ್ಟಿಯಲ್ಲಿ ‘ಹಾರಬಹುದು’ ಎಂದು ಬರೆದಿರುವ ಕಡೆಯಲ್ಲೆಲ್ಲ ಅದರ ಮುಂದೆ ಷರತ್ತು ಇರುತ್ತದೆ. ಎಂಜಿನಿಯರು ಕೈಗೊಳ್ಳಬೇಕಾದ ಕ್ರಮ ಒಂದು, ಪೈಲಟ್ ಅನುಸರಿಸಬೇಕಾದ ಕ್ರಮ ಇನ್ನೊಂದು. ಕೆಟ್ಟ ಉಪಕರಣದ ವಿದ್ಯುತ್ ಸಂಪರ್ಕ ಕಡಿದು, ಅದರ ಗುಂಡಿಯ ಬಳಿ ‘ಕಾರ್ಯನಿರ್ವಹಿಸುತ್ತಿಲ್ಲ’ ಎಂಬ ಚೀಟಿ ಅಂಟಿಸಿ, ತಾಂತ್ರಿಕ ದಿನಚರಿ ಪುಸ್ತಕದಲ್ಲಿ ಸಹಿ ಹಾಕಬೇಕು.

ಹವಾಮಾನ ರೇಡಾರ್ ಕೆಟ್ಟ ಸಂದರ್ಭವನ್ನೇ ನೋಡೋಣ. ಮಾರ್ಗದಲ್ಲಿ ಗುಡುಗು ಮೋಡಗಳ ಮುನ್ಸೂಚನೆ ಇಲ್ಲದಿದ್ದರೆ ಮಾತ್ರ ಹೊರಡಬಹುದು ಎಂಬ ಬಗೆಯ ಷರತ್ತು ಇದಕ್ಕೆ ಇರುತ್ತದೆ. ಜನವರಿಯ ಶುಭ್ರವಾದ ಬೆಳಗಿನಲ್ಲಿ ಬಳ್ಳಾರಿಯ ಕಡೆಯಿಂದ ಬೆಂಗಳೂರಿಗೆ ಹೊರಟ ವಿಮಾನಕ್ಕೆ ಅದು ತೊಡಕಾಗದು. ಅದೇ ದೋಷ ಮೇ ತಿಂಗಳ ಸಂಜೆ, ಮುಂಗಾರುಪೂರ್ವ ಮಳೆಯ ಮೋಡಗಳು ಕವಿದಾಗ ಕಂಡುಬಂದರೆ ವಿಮಾನ ನಿಲ್ಲಬೇಕು. ಕುರುಗೋಡಿನಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೊತ್ತು ಹೊರಡುವ ಲಾರಿಯ ಮುಂದೀಪ ಕೆಟ್ಟಿದ್ದರೆ ಹಗಲಿಗೆ ಒಂದು ಮಾತು, ರಾತ್ರಿಗೆ ಇನ್ನೊಂದು ಮಾತು. ಅನುಭವಿ ಚಾಲಕನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ವಿಮಾನಯಾನದಲ್ಲಿ ಇದನ್ನು ಚಾಲಕನ ಅಂದಾಜಿಗೆ ಬಿಡದೆ ಮೊದಲೇ ಬರೆದಿಟ್ಟಿದ್ದಾರೆ ಎಂಬುದಷ್ಟೇ ವ್ಯತ್ಯಾಸ.

ಚಕ್ರ ಜಾರದಂತೆ ತಡೆಯುವ ಬ್ರೇಕ್ ವ್ಯವಸ್ಥೆಯಲ್ಲಿ ದೋಷವಿದ್ದರೆ ವಿಮಾನ ನಿಲ್ಲಲು ಹೆಚ್ಚು ಉದ್ದದ ಓಡುಹಾದಿ ಬೇಕು. ಉದ್ದ ಸಾಲದಿದ್ದರೆ ತೂಕ ಇಳಿಸಬೇಕು. ಸರಕು ಕಳುಹಿಸಿದ ವರ್ತಕರಿಗೆ ಗೊತ್ತಾಗುವುದು ‘ಮಾಲು ಈ ವಿಮಾನದಲ್ಲಿ ಬರಲಿಲ್ಲ’ ಎಂಬುದು ಮಾತ್ರ.

ಎಟಿಆರ್ ವಿಮಾನದ ಉದಾಹರಣೆ ಈ ಭಾಗದವರಿಗೆ ಇನ್ನೂ ಹತ್ತಿರದ್ದು. ದೊಡ್ಡ ಜೆಟ್ ವಿಮಾನಗಳ ಬಾಲದಲ್ಲಿರುವಂತಹ ಸಹಾಯಕ ಎಂಜಿನ್ ಎಟಿಆರ್‌ನಲ್ಲಿ ಇರುವುದಿಲ್ಲ. ನೆಲದ ಮೇಲೆ ನಿಂತಾಗ ಬಲಗಡೆಯ ಎಂಜಿನ್ನಿನ ಪ್ರೊಪೆಲರನ್ನು ವಿಶೇಷ ಬ್ರೇಕಿನಿಂದ ಬಿಗಿಹಿಡಿದು, ಎಂಜಿನ್ನನ್ನು ಮಾತ್ರ ಓಡಿಸಿ, ವಿದ್ಯುತ್ತು ಹಾಗೂ ತಂಪು ಗಾಳಿಯನ್ನು ಪಡೆಯಲಾಗುತ್ತದೆ. ಈ ಬ್ರೇಕು ಕೆಟ್ಟರೆ ಹಾರಾಟಕ್ಕೆ ನೇರವಾದ ಅಪಾಯವೇನಿಲ್ಲ. ಆದರೆ ನಿಲ್ದಾಣದಲ್ಲಿ ಹೊರಗಿನ ವಿದ್ಯುತ್ ಪೂರೈಕೆಯ ಗಾಡಿ ಇರಲೇಬೇಕು, ಮತ್ತು ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಒಳಗೆ ಕುಳಿತವರು ಬೆಂದುಹೋಗದಂತೆ ನೋಡಿಕೊಳ್ಳಬೇಕು. ಪಟ್ಟಿ ಒಪ್ಪಿದರೂ ಸ್ಥಳ ಒಪ್ಪದ ಪ್ರಸಂಗವಿದು. ಸಣ್ಣ ನಿಲ್ದಾಣಗಳ ಮುಖ್ಯ ತೊಡಕೇ ಇದು: ಬೆಂಗಳೂರಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿಯುವ ದುರಸ್ತಿಗೆ ಇಲ್ಲಿ ಬಿಡಿಭಾಗವೂ ಇರುವುದಿಲ್ಲ, ಆ ಕೆಲಸಕ್ಕೆ ಸಹಿ ಹಾಕುವ ಅಧಿಕಾರವುಳ್ಳ ಎಂಜಿನಿಯರೂ ಇಲ್ಲದಿರಬಹುದು. ಅಷ್ಟರಲ್ಲಿ ಸಿಬ್ಬಂದಿಯ ಕರ್ತವ್ಯದ ಅವಧಿಯ ಮಿತಿ ಮುಗಿದರೆ ಎರಡು ಗಂಟೆಯ ವಿಳಂಬವು ರದ್ದಾದ ಹಾರಾಟವಾಗುತ್ತದೆ. ಚಾಗನೂರು–ಸಿರಿವಾರದ ಬಳಿ ಉದ್ದೇಶಿಸಿದ ವಿಮಾನ ನಿಲ್ದಾಣದ ಬಗ್ಗೆ ಬಳ್ಳಾರಿಯಲ್ಲಿ ವರ್ಷಗಟ್ಟಲೆ ಚರ್ಚೆ ನಡೆದಿದೆ. ಆ ಚರ್ಚೆಯಲ್ಲಿ ಭೂಮಿ ಹಾಗೂ ಓಡುಹಾದಿಗೆ ದೊರೆತ ಗಮನದ ಒಂದು ಪಾಲು ದುರಸ್ತಿ ಸೌಕರ್ಯಕ್ಕೂ ದೊರೆಯುವುದು ಒಳ್ಳೆಯದು.

ಅಳತೆ ತಪ್ಪಿದ ಇಂಧನ: 1983

ಪಟ್ಟಿ ಇದ್ದೂ ನಿರ್ಧಾರ ತಪ್ಪುವುದು ಹೇಗೆ ಎಂಬುದಕ್ಕೆ ಏರ್ ಕೆನಡಾ ಸಂಸ್ಥೆಯ 143ನೆಯ ಹಾರಾಟಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. 1983ರ ಜುಲೈ 23ರಂದು ಮಾಂಟ್ರಿಯಲ್‌ನಿಂದ ಒಟ್ಟಾವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಡಬೇಕಿದ್ದ ಆ ಬೋಯಿಂಗ್ 767 ವಿಮಾನ ಆಗ ಹೊಚ್ಚ ಹೊಸದು. ಅದರ ಟ್ಯಾಂಕುಗಳಲ್ಲಿನ ಇಂಧನವನ್ನು ಅಳೆಯುವ ಯಂತ್ರಕ್ಕೆ ಎರಡು ಮಾರ್ಗಗಳಿದ್ದವು. ಒಂದು ಕೆಟ್ಟರೆ ಇನ್ನೊಂದು ಕೆಲಸ ಮಾಡಬೇಕಿತ್ತು. ಆದರೆ ಒಂದು ಮಾರ್ಗದ ಬೆಸುಗೆಯ ದೋಷದಿಂದಾಗಿ ಎರಡೂ ಮಂಕಾಗುತ್ತಿದ್ದವು. ಎಡ್ಮಂಟನ್‌ನಲ್ಲಿ ತಂತ್ರಜ್ಞರೊಬ್ಬರು ಕೆಟ್ಟ ಮಾರ್ಗದ ವಿದ್ಯುತ್ ಸ್ವಿಚ್ಚನ್ನು ಎಳೆದು ಗುರುತುಪಟ್ಟಿ ಹಾಕಿದರು. ಮಾಪಕಗಳು ಮರಳಿ ಬೆಳಗಿದವು. ಒಂದು ಮಾರ್ಗ ಕೆಲಸ ಮಾಡುತ್ತಿದ್ದು, ಟ್ಯಾಂಕಿನಲ್ಲಿ ಅಳತೆಕೋಲು ಹಾಕಿ ನೋಡಿದರೆ ಹಾರಬಹುದು ಎಂದು ಪಟ್ಟಿಯೂ ಹೇಳುತ್ತಿತ್ತು. ಅಲ್ಲಿಯವರೆಗೆ ಎಲ್ಲವೂ ಕ್ರಮಬದ್ಧ.

ಮಾಂಟ್ರಿಯಲ್‌ನಲ್ಲಿ ಇನ್ನೊಬ್ಬ ತಂತ್ರಜ್ಞರು ಪರೀಕ್ಷೆಗೆಂದು ಆ ಸ್ವಿಚ್ಚನ್ನು ಒಳಗೆ ಒತ್ತಿದರು. ಮಾಪಕಗಳು ಮತ್ತೆ ಆರಿದವು. ಅಷ್ಟರಲ್ಲಿ ಬೇರೆ ಕೆಲಸದ ಕರೆ ಬಂದುದರಿಂದ ಅವರು ಅದನ್ನು ಹೊರಗೆಳೆಯುವುದನ್ನು ಮರೆತರು. ಗುರುತುಪಟ್ಟಿ ಮಾತ್ರ ಹಾಗೆಯೇ ಇತ್ತು. ವಿಮಾನ ಏರಿದ ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಕತ್ತಲಾದ ಮಾಪಕಗಳನ್ನು ಕಂಡರೂ, ಹಿಂದಿನ ಕ್ಯಾಪ್ಟನ್ ಜತೆಗಿನ ಮಾತುಕತೆಯಿಂದ ವಿಮಾನ ಇದೇ ಸ್ಥಿತಿಯಲ್ಲೇ ಹಾರಿ ಬಂದಿದೆ ಎಂದು ತಿಳಿದರು. ಎರಡೂ ಮಾಪಕಗಳು ಆರಿದ್ದರೆ ಹಾರಕೂಡದು ಎಂಬುದು ಪಟ್ಟಿಯ ಸ್ಪಷ್ಟ ನಿಯಮ. ಆದರೆ ಹೊಸ ಮಾದರಿಯಾದುದರಿಂದ ಪಟ್ಟಿ ಪದೇ ಪದೇ ಬದಲಾಗುತ್ತಿತ್ತು. ಪುಸ್ತಕಕ್ಕಿಂತ ನಿರ್ವಹಣಾ ವಿಭಾಗದ ಮಾತನ್ನೇ ಅಂತಿಮವೆಂದು ನಂಬುವ ರೂಢಿ ಬೆಳೆದಿತ್ತು.

ಇನ್ನು ಇಂಧನದ ಲೆಕ್ಕ. ಪಯಣಕ್ಕೆ 22,300 ಕಿಲೋಗ್ರಾಂ ಬೇಕಿತ್ತು. ಅಳತೆಕೋಲಿನ ಪ್ರಕಾರ ಟ್ಯಾಂಕಿನಲ್ಲಿದ್ದುದು 7,682 ಲೀಟರು. ಲೀಟರನ್ನು ತೂಕಕ್ಕೆ ಪರಿವರ್ತಿಸಲು 1.77 ಎಂಬ ಸಂಖ್ಯೆಯಿಂದ ಗುಣಿಸಿದರು. ಅದು ಲೀಟರಿಗೆ ಎಷ್ಟು ಪೌಂಡು ಎಂಬುದರ ಸಂಖ್ಯೆ. ಹಳೆಯ ವಿಮಾನಗಳೆಲ್ಲ ಪೌಂಡಿನ ಲೆಕ್ಕದವು, 767 ಮಾತ್ರ ಕಿಲೋಗ್ರಾಂ ಲೆಕ್ಕದ್ದು. ಗುಣಿಸಬೇಕಾಗಿದ್ದುದು ಸುಮಾರು 0.80ರಿಂದ. ಪರಿಣಾಮವಾಗಿ ತುಂಬಿಸಿದ್ದು 4,917 ಲೀಟರು. ತುಂಬಿಸಬೇಕಿದ್ದುದು 20,000 ಲೀಟರಿಗೂ ಹೆಚ್ಚು. 75 ಕಿಲೋ ಚೀಲದ ಲೆಕ್ಕವನ್ನೂ ಕ್ವಿಂಟಲ್ ಲೆಕ್ಕವನ್ನೂ ಒಂದೇ ದಿನ ನಿಭಾಯಿಸುವ ಸಿರುಗುಪ್ಪದ ಭತ್ತದ ವ್ಯಾಪಾರಿಗಳಿಗೆ ಇಂತಹ ತಪ್ಪು ನುಸುಳುವ ದಾರಿ ಚೆನ್ನಾಗಿ ಗೊತ್ತಿರುತ್ತದೆ.

ಸುಮಾರು 41,000 ಅಡಿ ಎತ್ತರದಲ್ಲಿ, ಅರ್ಧ ದಾರಿಯಲ್ಲಿ, ಎರಡು ಎಂಜಿನ್ನುಗಳೂ ಒಂದರ ಹಿಂದೆ ಒಂದು ನಿಂತುಹೋದವು. ಗ್ಲೈಡರ್ ಹಾರಿಸಿ ಅನುಭವವಿದ್ದ ಪಿಯರ್ಸನ್ ಮತ್ತು ಸಹಪೈಲಟ್ ಮಾರಿಸ್ ಕ್ವಿಂಟಲ್ ಅವರು ವಿಮಾನವನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬ ಊರಿನ, ಬಳಕೆಯಲ್ಲಿಲ್ಲದ ವಾಯುಪಡೆಯ ಓಡುಹಾದಿಯ ಮೇಲೆ ಇಳಿಸಿದರು. ಆ ದಿನ ಅಲ್ಲಿ ಕಾರು ಸ್ಪರ್ಧೆಯ ಕೂಟ ನಡೆಯುತ್ತಿತ್ತು. ವಿಮಾನದಲ್ಲಿದ್ದ 69 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ನ್ಯಾಯಮೂರ್ತಿ ಜಾರ್ಜ್ ಲಾಕ್‌ವುಡ್ ಅವರ ವಿಚಾರಣಾ ವರದಿ 1985ರಲ್ಲಿ ಪ್ರಕಟವಾಯಿತು. ಪೈಲಟರ ಕೌಶಲವನ್ನು ಅದು ಮೆಚ್ಚಿತು. ಇಂಧನದ ಲೆಕ್ಕದ ಅಂತಿಮ ಹೊಣೆ ಯಾರದು ಎಂಬುದನ್ನು ಸ್ಪಷ್ಟಪಡಿಸದೆ ಬಿಟ್ಟ ಸಂಸ್ಥೆಯ ವ್ಯವಸ್ಥೆಯನ್ನು ಟೀಕಿಸಿತು.

ಪಟ್ಟಿ ಪಾಲಿಸಿಯೂ ನಡೆದ ದುರಂತ

ಗಿಮ್ಲಿಯಲ್ಲಿ ಪಟ್ಟಿಯನ್ನು ಮೀರಲಾಯಿತು. ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ 2008ರ ಆಗಸ್ಟ್ 20ರಂದು ನಡೆದುದು ಇದಕ್ಕಿಂತ ಕಠಿಣವಾದ ಪಾಠ. ಸ್ಪ್ಯಾನ್‌ಏರ್ ಸಂಸ್ಥೆಯ ಎಂಡಿ-82 ವಿಮಾನ ಓಡುಹಾದಿಯ ತುದಿ ತಲುಪಿದಾಗ, ಹೊರಗಾಳಿಯ ಉಷ್ಣತೆ ಅಳೆಯುವ ಸಂವೇದಕ ವಿಪರೀತ ಬಿಸಿಯಾಗಿರುವುದನ್ನು ಪೈಲಟರು ಗಮನಿಸಿ ಹಿಂದಿರುಗಿದರು. ಸಂವೇದಕದ ಮೇಲೆ ಹಿಮ ಕಟ್ಟದಂತೆ ಅದನ್ನು ಬಿಸಿಮಾಡುವ ಹೀಟರೊಂದು ಇರುತ್ತದೆ. ಅದು ಆಕಾಶದಲ್ಲಿ ಮಾತ್ರ ಉರಿಯಬೇಕು. ನೆಲದ ಮೇಲೆ ಉರಿಯುತ್ತಿತ್ತು. ತಂತ್ರಜ್ಞರು ಪಟ್ಟಿ ತೆರೆದು ನೋಡಿದರು. ಹಿಮದ ವಾತಾವರಣವಿಲ್ಲದಿದ್ದರೆ ಹೀಟರಿಲ್ಲದೆ ಹಾರಬಹುದು ಎಂದಿತ್ತು. ಆಗಸ್ಟಿನ ಮಧ್ಯಾಹ್ನ ಹಿಮದ ಮಾತೆಲ್ಲಿ? ಅದರ ವಿದ್ಯುತ್ ಕಡಿದು, ಪುಸ್ತಕದಲ್ಲಿ ಬರೆದು, ವಿಮಾನವನ್ನು ಬಿಡುಗಡೆ ಮಾಡಿದರು. ಅಕ್ಷರಶಃ ನೋಡಿದರೆ ತಪ್ಪಿಲ್ಲ.

ಆದರೆ ಹೀಟರು ನೆಲದ ಮೇಲೆ ಏಕೆ ಉರಿಯುತ್ತಿದೆ ಎಂಬ ಪ್ರಶ್ನೆಯನ್ನು ಯಾರೂ ಬೆನ್ನಟ್ಟಲಿಲ್ಲ. ಹಿಂದಿನ ದಿನವೂ ಅದೇ ದೋಷ ಕಾಣಿಸಿಕೊಂಡಿತ್ತು. ತಾನು ನೆಲದ ಮೇಲಿದ್ದೇನೆಯೇ, ಆಕಾಶದಲ್ಲಿದ್ದೇನೆಯೇ ಎಂಬುದನ್ನು ವಿಮಾನದ ಬೇರೆ ಬೇರೆ ವ್ಯವಸ್ಥೆಗಳಿಗೆ ತಿಳಿಸುವ ರಿಲೇಗಳಲ್ಲಿ ಒಂದು, ಈ ಹೀಟರಿಗೂ ಮೇಲೇರುವ ಮುನ್ನ ಎಚ್ಚರಿಸುವ ಗಂಟೆಗೂ ಸಮಾನವಾಗಿತ್ತು. ರೆಕ್ಕೆಯ ಫ್ಲ್ಯಾಪುಗಳನ್ನು ಚಾಚದೆ ಪೈಲಟ್ ಮೇಲೇರಲು ಹೊರಟರೆ ಕೂಗಿ ಹೇಳುವ ಗಂಟೆ ಅದು. ಮಧ್ಯಾಹ್ನ 2 ಗಂಟೆ 24 ನಿಮಿಷಕ್ಕೆ ವಿಮಾನ ಓಡತೊಡಗಿತು. ಒಂದು ಗಂಟೆಗೂ ಮಿಕ್ಕಿ ತಡವಾಗಿದ್ದ ಸಿಬ್ಬಂದಿ ಫ್ಲ್ಯಾಪುಗಳನ್ನು ಚಾಚಿರಲಿಲ್ಲ. ತಪಾಸಣಾ ಪಟ್ಟಿಗಳನ್ನು ಓದಿದರೂ ಅದು ಕಣ್ಣಿಗೆ ಬೀಳಲಿಲ್ಲ. ಗಂಟೆಯೂ ಕೂಗಲಿಲ್ಲ. 172 ಮಂದಿಯಲ್ಲಿ 154 ಮಂದಿ ಪ್ರಾಣ ಕಳೆದುಕೊಂಡರು. ಗಂಟೆ ಕೂಗದಿರಲು ಆ ರಿಲೇಯೇ ಕಾರಣವೆಂದು ತನಿಖೆಗೆ ಖಚಿತವಾಗಿ ಸ್ಥಾಪಿಸಲಾಗಲಿಲ್ಲ. ಸಂಭವನೀಯ ಕೊಂಡಿಯೆಂದು ಅದನ್ನು ಗುರುತಿಸಲಾಯಿತು.

ಕೆಟ್ಟ ವಸ್ತುವಿಲ್ಲದೆ ಹಾರಬಹುದೇ ಎಂಬುದು ಪಟ್ಟಿ ಉತ್ತರಿಸುವ ಪ್ರಶ್ನೆ. ಅದು ಏಕೆ ಕೆಟ್ಟಿತು ಎಂಬುದು ಪಟ್ಟಿಯ ವ್ಯಾಪ್ತಿಗೆ ಬರುವುದಿಲ್ಲ. ಹಬೆ ಯಂತ್ರದ ಫ್ಯೂಸು ವಾರಕ್ಕೆ ಮೂರು ಬಾರಿ ಸುಟ್ಟರೆ ಮೂರು ಬಾರಿ ಹೊಸ ತಂತಿ ಹಾಕುವ ಗಿರಣಿಯೂ ಇದೆ, ಎರಡನೆಯ ಬಾರಿಗೇ ಮೋಟಾರನ್ನು ಬಿಚ್ಚಿ ನೋಡುವ ಗಿರಣಿಯೂ ಇದೆ. 2014ರ ಡಿಸೆಂಬರ್ 28ರಂದು ಜಾವಾ ಸಮುದ್ರಕ್ಕೆ ಬಿದ್ದ ಇಂಡೋನೇಷ್ಯಾ ಏರ್‌ಏಷ್ಯಾ ವಿಮಾನದಲ್ಲಿಯೂ ಚುಕ್ಕಾಣಿಯ ಮಿತಿ ನಿಯಂತ್ರಿಸುವ ಘಟಕ ಆ ವರ್ಷದಲ್ಲೇ 23 ಬಾರಿ ದೋಷ ತೋರಿಸಿತ್ತು. ಮೂಲದಲ್ಲಿದ್ದುದು ಬಿರುಕು ಬಿಟ್ಟ ಒಂದು ಬೆಸುಗೆ. ಹಾರಾಟದ ನಡುವೆ ದೋಷ ಮರುಕಳಿಸಿದಾಗ ಸಿಬ್ಬಂದಿ ಕೈಗೊಂಡ ಕ್ರಮದಿಂದ ಪರಿಸ್ಥಿತಿ ಕೈಮೀರಿತು. 162 ಮಂದಿ ಮಡಿದರು.

ಬದಲಿ ಇಲ್ಲದ ಗೇಟು

ಈ ಮಾತು ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪ, ಕುರುಗೋಡು ಭಾಗದವರಿಗೆ ದೂರದ ಕಥೆಯೇನೂ ಅಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಂತಹ ಸಂದರ್ಭದಲ್ಲಿ ಗೇಟಿನ ಮುಂದೆ ಇಳಿಬಿಡುವ ತಡೆಹಲಗೆಗಳಿಗೆ ಆ ಹಳೆಯ ಅಣೆಕಟ್ಟೆಯಲ್ಲಿ ಮೊದಲಿನಿಂದಲೂ ಅವಕಾಶ ಮಾಡಿರಲಿಲ್ಲ. ತುಂಬಿದ ಜಲಾಶಯದಿಂದ ಅಪಾರ ನೀರನ್ನು ನದಿಗೆ ಬಿಟ್ಟು, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದೊಳಗೆ ತಾತ್ಕಾಲಿಕ ತಡೆಯನ್ನು ಕೂರಿಸಲಾಯಿತು. ಆ ವಾರ ಗಿರಣಿ ಮಾಲೀಕರು, ಗೊಬ್ಬರದ ಅಂಗಡಿಯವರು, ದಲ್ಲಾಳಿಗಳು ಎಷ್ಟು ಆತಂಕದಲ್ಲಿ ಕಳೆದರೆಂಬುದನ್ನು ಇಲ್ಲಿ ವಿವರಿಸಬೇಕಿಲ್ಲ. ಇದು ಕೆಟ್ಟರೆ ಇದರ ಕೆಲಸವನ್ನು ಯಾವುದು ಮಾಡುತ್ತದೆ ಎಂಬ ವಿಮಾನಯಾನದ ಪ್ರಶ್ನೆಯನ್ನು ಗೇಟಿನ ವಿಷಯದಲ್ಲಿ ಕೇಳಿದ್ದರೆ ಉತ್ತರ ಮೊದಲೇ ಗೊತ್ತಾಗುತ್ತಿತ್ತು.

ಕ್ಯಾಪ್ಟನ್ ಒಪ್ಪದಿದ್ದರೆ

ಪಟ್ಟಿ ಬೇಡವೆಂದರೆ ಕ್ಯಾಪ್ಟನ್ ಹಾರುವಂತಿಲ್ಲ. ಪಟ್ಟಿ ಸರಿಯೆಂದರೂ ಆತ ಹಾರಲೇಬೇಕೆಂದಿಲ್ಲ. ಈ ಏಕಮುಖ ಅಧಿಕಾರವೇ ವ್ಯವಸ್ಥೆಯ ಬೆನ್ನೆಲುಬು. ಪಟ್ಟಿಯು ದೋಷಗಳನ್ನು ಒಂದೊಂದಾಗಿ ನೋಡುತ್ತದೆ. ಎರಡು ಮೂರು ದೋಷಗಳು ಒಟ್ಟಿಗೆ ಸೇರಿದಾಗ, ಅದರೊಡನೆ ರಾತ್ರಿ, ಮಳೆ, ಪರಿಚಯವಿಲ್ಲದ ಚಿಕ್ಕ ನಿಲ್ದಾಣ, ದಣಿದ ಸಿಬ್ಬಂದಿ ಎಲ್ಲವೂ ಕೂಡಿದಾಗ ಭಾರವೆಷ್ಟು ಎಂದು ತೂಗುವುದು ಕ್ಯಾಪ್ಟನ್ ಕೆಲಸ. ಸಾಮಾನ್ಯವಾಗಿ ವಿಮಾನ ತನ್ನ ಸ್ವಂತ ಬಲದಿಂದ ಚಲಿಸಲಾರಂಭಿಸುವವರೆಗೆ ಮಾತ್ರ ಪಟ್ಟಿಯ ಆಡಳಿತ. ಆಮೇಲೆ ಕಂಡ ದೋಷಕ್ಕೆ ತುರ್ತು ಕ್ರಮಗಳ ಪುಸ್ತಕವೂ ಕ್ಯಾಪ್ಟನ್ ವಿವೇಚನೆಯೂ ದಿಕ್ಕು. ಸ್ಪ್ಯಾನ್‌ಏರ್ ಪೈಲಟರು ಓಡುಹಾದಿಯ ತುದಿಯಿಂದ ಮರಳಿ ಬಂದುದು ಅಂತಹ ವಿವೇಚನೆಯಿಂದಲೇ ಎಂಬುದನ್ನೂ ನೆನೆಯಬೇಕು.

ಒತ್ತಡ ಇಲ್ಲವೆಂದಲ್ಲ. ನಿಂತ ವಿಮಾನ ದುಡಿಯುವುದಿಲ್ಲ. ಸಾಲದ ಕಂತು, ಗುತ್ತಿಗೆಯ ಬಾಡಿಗೆ ನಿಲ್ಲುವುದಿಲ್ಲ. ಸುಗ್ಗಿಯ ನಡುವೆ ಗಿರಣಿ ನಿಲ್ಲಿಸಬೇಕೆಂದು ಫಿಟ್ಟರ್ ಹೇಳಿದಾಗ ಮಾಲೀಕರ ಮುಖ ಹೇಗಾಗುತ್ತದೆಯೋ, ಕ್ಯಾಪ್ಟನ್ ನಿರಾಕರಿಸಿದಾಗ ಸಂಸ್ಥೆಯ ಕಾರ್ಯಾಚರಣೆ ವಿಭಾಗದ ಮುಖವೂ ಹಾಗೆಯೇ ಆಗುತ್ತದೆ. ಆದ್ದರಿಂದಲೇ ಅನುಮತಿಯ ಗೆರೆಯನ್ನು ಅವಸರವಿಲ್ಲದ ದಿನ, ತಣ್ಣಗೆ ಕುಳಿತು, ಹೊರಗಿನ ಪ್ರಾಧಿಕಾರದ ಮುಂದೆ ಎಳೆದಿಡಲಾಗುತ್ತದೆ. ಜೀನ್ಸ್ ತೊಳೆಯುವ ಘಟಕದ ಬಾಯ್ಲರಿನ ಸುರಕ್ಷಾ ಕವಾಟ ಕೆಲಸ ಮಾಡುತ್ತಿಲ್ಲವೆಂಬ ಮಾತು ದೊಡ್ಡ ಆರ್ಡರಿನ ಹಿಂದಿನ ಸಂಜೆ ಬಂದರೆ, ಆ ಹೊತ್ತಿನಲ್ಲಿ ಮಾಡುವ ತೀರ್ಮಾನಕ್ಕೂ ಆರು ತಿಂಗಳ ಮೊದಲೇ ಬರೆದು ಗೋಡೆಗೆ ಅಂಟಿಸಿದ ತೀರ್ಮಾನಕ್ಕೂ ವ್ಯತ್ಯಾಸವಿರುತ್ತದೆ.

ಬರಹದ ಬೆಲೆ ಗೊತ್ತಾಗುವುದು ಬಹಳ ಸಲ ತಡವಾಗಿ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು 260 ಮಂದಿ ಮೃತಪಟ್ಟ ನಂತರ, ಜುಲೈಯಲ್ಲಿ ಹೊರಬಂದ ಪ್ರಾಥಮಿಕ ವರದಿಯು ಆ ದಿನ ಯಾವ ಯಾವ ದೋಷಗಳು ಪಟ್ಟಿಯ ಪ್ರಕಾರ ಬಾಕಿಯಿದ್ದವು ಎಂಬುದನ್ನು ದಾಖಲಿಸಿತು. ದೆಹಲಿಯಿಂದ ಅದೇ ವಿಮಾನವನ್ನು ತಂದ ಪೈಲಟ್, ಬಾಲದ ಸಮತಲ ರೆಕ್ಕೆಯ ಸ್ಥಾನ ತಿಳಿಸುವ ಸಂವೇದಕದ ಬಗ್ಗೆ ಬರೆದಿದ್ದರು. ಎಂಜಿನಿಯರು ಪರಿಶೀಲಿಸಿ ವಿಮಾನವನ್ನು ಬಿಡುಗಡೆ ಮಾಡಿದ್ದರು. ಆ ದೋಷದಿಂದ ಅಪಘಾತವಾಯಿತೆಂದು ಪ್ರಾಥಮಿಕ ವರದಿ ಹೇಳಲಿಲ್ಲ. ಆದರೆ ಯಾರು, ಯಾವಾಗ, ಏನು ನೋಡಿ ಸಹಿ ಹಾಕಿದರು ಎಂಬುದು ಒಂದು ತಿಂಗಳಲ್ಲೇ ದೇಶದ ಮುಂದೆ ಬರಲು ಆ ದಿನಚರಿ ಪುಸ್ತಕ ನೆರವಾಯಿತು.

ಮುಂದೂಡಿದ ದೋಷಕ್ಕೂ ಆಯುಸ್ಸುಂಟು

ಪಟ್ಟಿಯ ಕೊನೆಯ ಅಂಕಣ ವ್ಯಾಪಾರಿಗಳಿಗೆ ಎಲ್ಲಕ್ಕಿಂತ ಬೇಗ ಅರ್ಥವಾಗುವಂಥದ್ದು. ಅದು ಹುಂಡಿಯ ವಾಯಿದೆಯಂತೆ. ಮುಂದೂಡಿದ ಪ್ರತಿಯೊಂದು ದೋಷಕ್ಕೂ ದುರಸ್ತಿಯ ಗಡುವು ಇರುತ್ತದೆ. ‘ಎ’ ವರ್ಗದವುಗಳಿಗೆ ಪಟ್ಟಿಯಲ್ಲೇ ನಮೂದಿಸಿದ ಅವಧಿ, ‘ಬಿ’ ವರ್ಗಕ್ಕೆ 3 ದಿನ, ‘ಸಿ’ ವರ್ಗಕ್ಕೆ 10 ದಿನ, ‘ಡಿ’ ವರ್ಗಕ್ಕೆ 120 ದಿನ. ದೋಷ ಕಂಡ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 1ನೆಯ ತಾರೀಖು ಕಂಡ ‘ಸಿ’ ವರ್ಗದ ದೋಷಕ್ಕೆ 11ರ ಮಧ್ಯರಾತ್ರಿ ಕೊನೆ.

ಆ ಮಧ್ಯರಾತ್ರಿ ಕಳೆದ ಮೇಲೆ, ಮಂಜೂರಾದ ವಿಸ್ತರಣೆಯೇನೂ ಇಲ್ಲದಿದ್ದರೆ, ವಿಮಾನ ಎಲ್ಲಿ ನಿಂತಿದೆಯೋ ಅಲ್ಲೇ ನಿಲ್ಲಬೇಕು. ಬಿಡಿಭಾಗವಿಲ್ಲದ ಊರಿನಲ್ಲಿ ಹಾಗಾದರೆ ಸಂಸ್ಥೆಗೆ ಇಮ್ಮಡಿ ನಷ್ಟ. ಹೀಗಾಗಿ ಗಡುವು ಹತ್ತಿರವಾದ ವಿಮಾನವನ್ನು ಚಿಕ್ಕ ಊರಿನ ಹಾರಾಟದಿಂದ ಬಿಡಿಸಿ ದುರಸ್ತಿ ಕೇಂದ್ರವಿರುವ ನಗರಕ್ಕೆ ಕಳುಹಿಸಿ, ಆ ಊರಿಗೆ ಬೇರೊಂದನ್ನು ಹೊಂದಿಸುವುದುಂಟು. ಹೊಂದಿಸಲು ಇನ್ನೊಂದು ವಿಮಾನ ದೊರೆಯದ ಬೆಳಿಗ್ಗೆ ಧ್ವನಿವರ್ಧಕದಲ್ಲಿ ‘ತಾಂತ್ರಿಕ ಕಾರಣ’ ಎಂಬ ಮಾತು ಕೇಳಿಬರುತ್ತದೆ.